ನಿತ್ಯ ಓಡುವ ಪಿಕಪ್‌ನಲ್ಲಿ 600 ಅಶ್ವಶಕ್ತಿ: ಯಾವುದು ಮೊದಲು, ಏಕೆ

ಅಮೆರಿಕದಲ್ಲಿ ಹೆವಿ ಡ್ಯೂಟಿ ಪಿಕಪ್ ಎಂದರೆ ನಮ್ಮ ಊರುಗಳಲ್ಲಿ ತರಕಾರಿ, ಇಟ್ಟಿಗೆ ಸಾಗಿಸುವ ಸಣ್ಣ ಗಾಡಿಯಲ್ಲ. ಮೂರು ಟನ್ನಿನ ಆಸುಪಾಸಿನಲ್ಲಿ ತೂಗುವ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ವಾರದ ಕೊನೆಯಲ್ಲಿ ಐದಾರು ಟನ್ನಿನ ಟ್ರೇಲರನ್ನು ಎಳೆದುಕೊಂಡು ಗುಡ್ಡ ಹತ್ತುವ ವಾಹನ ಅದು. ಇಂಥ ಗಾಡಿಯ ಡೀಸೆಲ್ ಇಂಜಿನ್ನಿನಿಂದ ಕಾರ್ಖಾನೆ ಕೊಟ್ಟದ್ದರ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ತೆಗೆಯುವ ಹವ್ಯಾಸ ಅಲ್ಲಿ ದಶಕಗಳಿಂದ ಬೆಳೆದು ಒಂದು ದೊಡ್ಡ ಉದ್ಯಮವೇ ಆಗಿದೆ. ಶಕ್ತಿಯನ್ನು ತೆಗೆಯುವುದು ಈಗ ಅಷ್ಟೇನೂ ಕಷ್ಟವಲ್ಲ; ಲ್ಯಾಪ್‌ಟಾಪ್ ಜೋಡಿಸಿ ಇಂಜಿನ್ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿದರೆ ಅರ್ಧ ದಿನದೊಳಗೆ ನೂರು ಅಶ್ವಶಕ್ತಿ ಏರಿಸಬಹುದು. ಹಾಗೆ ಏರಿಸಿದ ಗಾಡಿ ಮರುದಿನವೂ, ಮರುವರ್ಷವೂ ಕೀಲಿ ತಿರುಗಿಸಿದೊಡನೆ ಹೊರಡಬೇಕು ಎಂದಾಗಲೇ ನಿಜವಾದ ಲೆಕ್ಕ ಶುರುವಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿಜವಾದ ಗಾಡಿಯನ್ನೇ ಎದುರಿಗಿಟ್ಟುಕೊಳ್ಳೋಣ: 5.9 ಲೀಟರ್ ಕಮಿನ್ಸ್ ಇಂಜಿನ್ ಇರುವ 2006ರ ಡಾಡ್ಜ್ ರ್‍ಯಾಮ್ 2500. ಈ ಇಂಜಿನ್ ಡಾಡ್ಜ್ ಪಿಕಪ್‌ಗೆ ಬಂದದ್ದು 1989ರಲ್ಲಿ. ಆಗ ಅದರ ಶಕ್ತಿ ಬರೀ 160 ಅಶ್ವಶಕ್ತಿ. 2005ರಿಂದ 2007ರವರೆಗಿನ ಮಾದರಿಗಳಲ್ಲಿ ಅದೇ 5.9 ಲೀಟರಿನಿಂದ, ಅಂದರೆ 102 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು 120 ಮಿಲಿಮೀಟರ್ ಸ್ಟ್ರೋಕಿನ (ಪಿಸ್ಟನ್ ಓಡಾಡುವ ದೂರ) ಆರು ಸಿಲಿಂಡರುಗಳಿಂದ, 2900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 325 ಅಶ್ವಶಕ್ತಿ, 1600 ಆರ್‌ಪಿಎಂನಲ್ಲಿ 610 ಪೌಂಡ್-ಅಡಿ (ಸುಮಾರು 827 ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಬರುತ್ತಿತ್ತು. ಇದೇ ಬಿ ಸರಣಿಯ ಇಂಜಿನ್ನನ್ನು ಜೆಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆ ಟಾಟಾ ಲಾರಿಗಳಿಗಾಗಿ ತಯಾರಿಸಿದ್ದರಿಂದ ನಮ್ಮ ಲಾರಿ ಮೆಕ್ಯಾನಿಕ್ಕುಗಳಿಗೂ ಇದು ಹೊಸಬನಲ್ಲ. ಎರಕದ ಕಬ್ಬಿಣದ ಬ್ಲಾಕ್, ಎರಕದ ಕಬ್ಬಿಣದ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ), ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟಿಗೆ ಏಳು ಮೇನ್ ಬೇರಿಂಗ್, ಒಟ್ಟು ತೂಕ ಸುಮಾರು ಅರ್ಧ ಟನ್. ಲಾರಿಗೆಂದು ಹುಟ್ಟಿದ ಇಂಜಿನ್ನನ್ನು ಪಿಕಪ್‌ಗೆ ಕೂರಿಸಿದ್ದರಿಂದಲೇ ಅದರಲ್ಲಿ ಇಷ್ಟೊಂದು ಉಳಿಕೆ ಬಲವಿದೆ.

ಗುರಿ ಎಷ್ಟು? ಅಲ್ಲಿನ ಹವ್ಯಾಸಿಗಳು ಸಾಮಾನ್ಯವಾಗಿ ಹೇಳುವ ಸಂಖ್ಯೆ ಹಿಂದಿನ ಚಕ್ರಗಳಲ್ಲಿ 500 ಅಶ್ವಶಕ್ತಿ. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಇವೆಲ್ಲ ಸೇರಿ ನುಂಗುವ ಪಾಲನ್ನು ಕೂಡಿಸಿದರೆ ಇಂಜಿನ್ ಕೊಡಬೇಕಾದದ್ದು 600ರ ಹತ್ತಿರ. ಈ ಸಂಖ್ಯೆಯನ್ನು ಇಟ್ಟುಕೊಂಡೇ ಮುಂದಿನ ಲೆಕ್ಕ ಮಾಡೋಣ. ಆದರೆ ಅದಕ್ಕೂ ಮೊದಲು, ಈ 600 ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು, ಏಕೆಂದರೆ ಬಾಳಿಕೆಯ ವಿಚಾರ ನಿಂತಿರುವುದು ಅದರ ಮೇಲೆ.

ಖಾಲಿ ಪಿಕಪ್ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಹೋಗಲು 50-60 ಅಶ್ವಶಕ್ತಿ ಸಾಕು. ಪೂರ್ತಿ 600 ಹೊರಬರುವುದು ಓವರ್‌ಟೇಕ್ ಮಾಡುವಾಗಲೋ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೋ ಕೆಲವೇ ಸೆಕೆಂಡುಗಳ ಕಾಲ. ಅಷ್ಟರಲ್ಲಿ ಲೋಹ ಪೂರ್ತಿ ಕಾಯುವುದೂ ಇಲ್ಲ. ನಿಜವಾದ ಪರೀಕ್ಷೆ ಇರುವುದು ಬೇರೆ ಕಡೆ. ಕೊಲೊರಾಡೊದಲ್ಲಿ ಐ-70 ಹೆದ್ದಾರಿ ಸಿಲ್ವರ್‌ಥಾರ್ನ್ ಊರಿನಿಂದ ಐಸೆನ್‌ಹೋವರ್ ಸುರಂಗದತ್ತ ಏರುವಾಗ ಕೆಲವೆಡೆ ಶೇ. 7ರಷ್ಟು ಏರಿಕೆ ಇದೆ; ಏರು ಸುಮಾರು 13 ಕಿಲೋಮೀಟರ್ ಉದ್ದ, ಸುರಂಗವಿರುವುದು 3400 ಮೀಟರ್ ಎತ್ತರದಲ್ಲಿ. ಗಾಡಿ ಮತ್ತು ಟ್ರೇಲರ್ ಸೇರಿ ಒಂಬತ್ತು ಟನ್ ಎಂದಿಟ್ಟುಕೊಂಡು ಶೇ. 6ರ ಏರಿನಲ್ಲಿ ಗಂಟೆಗೆ 90 ಕಿಲೋಮೀಟರ್ ಕಾಯ್ದುಕೊಳ್ಳಲು ಲೆಕ್ಕ ಹಾಕಿದರೆ ಇಂಜಿನ್ ಸುಮಾರು 300 ಅಶ್ವಶಕ್ತಿಯನ್ನು ಬಿಡುವಿಲ್ಲದೆ ಕೊಡಬೇಕಾಗುತ್ತದೆ. ಕಾರ್ಖಾನೆಯ 325ರ ಗಾಡಿಯಲ್ಲಿ ಪೆಡಲ್ ಒತ್ತಿದ ಕಾಲು ಅಲ್ಲಿಗೇ ನಿಲ್ಲುತ್ತದೆ. 600 ಇದ್ದರೆ ಕಾಲು ಸುಮ್ಮನಿರದೆ ವೇಗವನ್ನು 110ಕ್ಕೆ ಏರಿಸುತ್ತದೆ, ಬೇಡಿಕೆ 400ಕ್ಕೆ ಹತ್ತಿರವಾಗುತ್ತದೆ, ಅದೂ ಏಳೆಂಟು ನಿಮಿಷಗಳ ಕಾಲ ಒಂದೇ ಸಮನೆ. ಆದ್ದರಿಂದ ನಿತ್ಯದ ಗಾಡಿಯನ್ನು ಕಟ್ಟುವವನು ಡೈನೋ ಹಾಳೆಯ ತುದಿಯ ಸಂಖ್ಯೆಗಿಂತ ಈ ಏಳೆಂಟು ನಿಮಿಷದ ಏರನ್ನು ಮನಸ್ಸಿನಲ್ಲಿಟ್ಟುಕೊಂಡು ಭಾಗಗಳನ್ನು ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಈ ಅಳತೆಗೋಲಿನಿಂದಲೇ.

ಇಂಧನ ಮತ್ತು ಗಾಳಿಯ ಲೆಕ್ಕ

ಪೆಟ್ರೋಲ್ ಇಂಜಿನ್ನಿನಲ್ಲಿ ಕಾಲಿನ ಪೆಡಲ್ ಗಾಳಿಯನ್ನು ಹಿಡಿತದಲ್ಲಿಡುತ್ತದೆ. ಡೀಸೆಲ್ಲಿನಲ್ಲಿ ಗಾಳಿ ಎಷ್ಟು ಬೇಕಾದರೂ ಒಳಗೆ ಬರಬಹುದು. ಶಕ್ತಿಯನ್ನು ತೀರ್ಮಾನಿಸುವುದು ಚಿಮ್ಮಿಸಿದ ಡೀಸೆಲ್ಲಿನ ಪ್ರಮಾಣ. ಹೀಗಾಗಿ ಶಕ್ತಿ ಏರಿಸುವ ಅತಿ ಅಗ್ಗದ ದಾರಿ ಹೆಚ್ಚು ಡೀಸೆಲ್ ಸುರಿಯುವುದು, ಮತ್ತು ಅತಿ ಬೇಗ ಇಂಜಿನ್ ಕೆಡಿಸುವ ದಾರಿಯೂ ಅದೇ.

600 ಅಶ್ವಶಕ್ತಿ ಎಂದರೆ 447 ಕಿಲೋವ್ಯಾಟ್. ಈ ಬಗೆಯ ಇಂಜಿನ್ ಪ್ರತಿ ಕಿಲೋವ್ಯಾಟ್-ಗಂಟೆಗೆ ಸುಮಾರು 230 ಗ್ರಾಂ ಡೀಸೆಲ್ ಸುಡುತ್ತದೆಂದು ಹಿಡಿದರೆ ಪೂರ್ತಿ ಶಕ್ತಿಯಲ್ಲಿ ಗಂಟೆಗೆ 103 ಕೆ.ಜಿ., ಅಂದರೆ 120 ಲೀಟರಿಗೂ ಹೆಚ್ಚು ಡೀಸೆಲ್ ಬೇಕು. 2900 ಆರ್‌ಪಿಎಂನಲ್ಲಿ ಆರು ಸಿಲಿಂಡರುಗಳು ಸೇರಿ ನಿಮಿಷಕ್ಕೆ 8700 ಸಲ ಇಂಧನ ಪಡೆಯುತ್ತವೆ. ಪ್ರತಿ ಸಲಕ್ಕೆ 0.2 ಗ್ರಾಂಗೆ ಸ್ವಲ್ಪ ಕಡಿಮೆ. ಈ ಡೀಸೆಲ್ ಹೊಗೆಯಿಲ್ಲದೆ, ತಾಪ ಮಿತಿಮೀರದೆ ಉರಿಯಲು ಅದರ ಇಪ್ಪತ್ತರಷ್ಟು ತೂಕದ ಗಾಳಿ ಇದ್ದರೆ ಒಳ್ಳೆಯದು, ಅಂದರೆ ನಿಮಿಷಕ್ಕೆ 34 ಕೆ.ಜಿ. ಗಾಳಿ. ಎಕ್ಸಾಸ್ಟ್ ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಟರ್ಬೊ ಇಲ್ಲದೆ ಈ ಇಂಜಿನ್ ಅದೇ ವೇಗದಲ್ಲಿ ತಾನಾಗಿ ಎಳೆದುಕೊಳ್ಳಬಲ್ಲದ್ದು ಸುಮಾರು 9 ಕೆ.ಜಿ. ಮಾತ್ರ. ಒಳಗೆ ಹೋಗುವ ಗಾಳಿ ಹೊರಗಿನದಕ್ಕಿಂತ ಸುಮಾರು 3.75 ಪಟ್ಟು ದಟ್ಟವಾಗಿರಬೇಕು ಎಂದಾಯಿತು. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ, ಅದನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೂ ಅದು 60 ಡಿಗ್ರಿ ಇದ್ದರೆ, ಒತ್ತಡ 4.3 ಪಟ್ಟು ಬೇಕಾಗುತ್ತದೆ. ಹೊರಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚೆಂದು (ಬೂಸ್ಟ್) ತೋರಿಸುವ ಬೂಸ್ಟ್ ಮೀಟರಿನಲ್ಲಿ ಅದು 3.3 ಬಾರ್, ಅಮೆರಿಕನ್ನರ ಭಾಷೆಯಲ್ಲಿ 48 ಪಿಎಸ್‌ಐ. ಕಾರ್ಖಾನೆಯ ಗಾಡಿಯಲ್ಲಿ ಇದು 2 ಬಾರ್ ಆಸುಪಾಸಿನಲ್ಲಿರುತ್ತದೆ.

ಈ ಒಂದು ಲೆಕ್ಕದಿಂದಲೇ ಮುಂದಿನ ಎಷ್ಟೋ ತೀರ್ಮಾನಗಳು ಹುಟ್ಟುತ್ತವೆ. ಒಂದೇ ಟರ್ಬೊದ ಕಂಪ್ರೆಸರ್ (ಗಾಳಿ ಒತ್ತುವ ಭಾಗ) ದಕ್ಷತೆ ಕಳೆದುಕೊಳ್ಳದೆ ಕೊಡಬಲ್ಲ ಒತ್ತಡದ ಅನುಪಾತ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು. ಸಮುದ್ರಮಟ್ಟದಲ್ಲೇ ನಮಗೆ 4.3 ಬೇಕಾಗಿದೆ. ಐಸೆನ್‌ಹೋವರ್ ಸುರಂಗದ ಬಳಿ ವಾತಾವರಣದ ಒತ್ತಡವೇ ಸಮುದ್ರಮಟ್ಟದ ಮೂರನೇ ಎರಡರಷ್ಟು. ಅಲ್ಲಿ ಅಷ್ಟೇ ಗಾಳಿ ಕೊಡಲು ಕಂಪ್ರೆಸರ್ 6.4 ಪಟ್ಟು ಒತ್ತಬೇಕು. ಒಂಟಿ ಟರ್ಬೊ ಅದನ್ನು ಪ್ರಯತ್ನಿಸಿದರೆ ಅದರ ಚಕ್ರ ವಿನ್ಯಾಸದ ಮಿತಿ ಮೀರಿ ತಿರುಗಿ ಬೇರಿಂಗ್ ತಿನ್ನುತ್ತದೆ ಅಥವಾ ಶಾಫ್ಟ್ ಮುರಿಯುತ್ತದೆ. ದೊಡ್ಡ ಗಾತ್ರದ ಒಂಟಿ ಟರ್ಬೊ ಹಾಕಿದರೆ ತುದಿಯ ಶಕ್ತಿಯೇನೋ ಸಿಗುತ್ತದೆ, ಆದರೆ ಸಿಗ್ನಲ್ಲಿನಿಂದ ಹೊರಡುವಾಗ, ಏರಿನಲ್ಲಿ ಗೇರ್ ಬದಲಿಸುವಾಗ ಅದು ಎಚ್ಚೆತ್ತುಕೊಳ್ಳುವುದು ತಡ. ಆ ಹೊತ್ತಿನಲ್ಲಿ ಸುರಿದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ. ಪ್ರತಿದಿನ ಓಡಿಸುವವನಿಗೆ ಇದು ಬಹುಬೇಗ ಬೇಸರ ತರಿಸುವ ಸಂಗತಿ.

ಇದಕ್ಕೆ ಪರಿಹಾರವಾಗಿ ಬಂದದ್ದು ಕಾಂಪೌಂಡ್ ಟರ್ಬೊ. ದೊಡ್ಡ ಟರ್ಬೊ ಹೊರಗಿನ ಗಾಳಿಯನ್ನು ಮೊದಲು ಒತ್ತಿ ಚಿಕ್ಕ ಟರ್ಬೊದ ಬಾಯಿಗೆ ಕೊಡುತ್ತದೆ. ಚಿಕ್ಕದು ಅದನ್ನು ಮತ್ತೆ ಒತ್ತುತ್ತದೆ. ಇಲ್ಲಿ ಒತ್ತಡಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಎರಡೂ ತಲಾ 2.1 ಪಟ್ಟು ಒತ್ತಿದರೆ ಒಟ್ಟು 4.4 ಆಗುತ್ತದೆ, ತಲಾ ಎರಡೂವರೆಗೆ ಸ್ವಲ್ಪ ಮೇಲೆ ಹೋದರೆ ಬೆಟ್ಟದ ಮೇಲಿನ 6.4 ಕೂಡ ಕೈಗೆಟುಕುತ್ತದೆ. ಯಾವ ಟರ್ಬೊಗೂ ಮಿತಿ ಮೀರಿದ ಕೆಲಸವಿಲ್ಲ. ಚಿಕ್ಕದು ಇಂಜಿನ್ನಿಗೆ ಹತ್ತಿರವಿರುವುದರಿಂದ ಕಡಿಮೆ ವೇಗದಲ್ಲೂ ಬೇಗ ತಿರುಗುತ್ತದೆ, ಕಾರ್ಖಾನೆಯ ಎಚ್‌ಇ351 ಟರ್ಬೊವನ್ನೇ ಆ ಜಾಗದಲ್ಲಿ ಉಳಿಸಿಕೊಳ್ಳುವವರೂ ಇದ್ದಾರೆ. ಖರ್ಚು ಹೆಚ್ಚು, ಬಾನೆಟ್ಟಿನೊಳಗೆ ಜಾಗ ಇಕ್ಕಟ್ಟು, ಪೈಪುಗಳ ಜೋಡಣೆ ತಲೆನೋವು. ಆದರೂ ಟ್ರೇಲರ್ ಎಳೆಯುವ ಗಾಡಿಗೆ 600ರ ಗುರಿ ಇಟ್ಟುಕೊಂಡರೆ ಇದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸಲಾರೆ. 450ರಲ್ಲೇ ತೃಪ್ತಿಪಡುವವರಿಗೆ ಒಂದು ಒಳ್ಳೆಯ ಮಧ್ಯಮ ಗಾತ್ರದ ಒಂಟಿ ಟರ್ಬೊ ಧಾರಾಳವಾಗಿ ಸಾಕು.

ಟರ್ಬೊ ಆರಿಸುವಾಗ ಬೂಸ್ಟ್ ಒಂದನ್ನೇ ನೋಡುವುದು ತಪ್ಪು. ಟರ್ಬೈನಿಗೆ (ಟರ್ಬೊದಲ್ಲಿ ಹೊಗೆಯಿಂದ ತಿರುಗುವ ಚಕ್ರ) ಮುಂಚೆ, ಸಿಲಿಂಡರುಗಳ ಹೊಗೆ ಸೇರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕಟ್ಟಿಕೊಳ್ಳುವ ಒತ್ತಡವನ್ನು ಡ್ರೈವ್ ಪ್ರೆಷರ್ ಎನ್ನುತ್ತಾರೆ. ಅದು ಬೂಸ್ಟಿಗೆ ಸರಿಸಮನಾಗಿದ್ದರೆ ಚೆನ್ನ. ಬೂಸ್ಟ್ 3 ಬಾರ್ ಇದ್ದು ಡ್ರೈವ್ ಪ್ರೆಷರ್ 5 ಬಾರ್ ಆಗಿದ್ದರೆ ಇಂಜಿನ್ ತನ್ನದೇ ಹೊಗೆಯನ್ನು ಹೊರದೂಡಲು ಶಕ್ತಿ ವ್ಯಯಿಸುತ್ತಿದೆ ಎಂದರ್ಥ. ಹಾಗೆ ಕಟ್ಟಿಕೊಂಡ ಒತ್ತಡ ಎಕ್ಸಾಸ್ಟ್ ವಾಲ್ವುಗಳನ್ನು ಹಿಂದಿನಿಂದ ತಳ್ಳಿ ತೆರೆಯಲೂ ಹವಣಿಸುತ್ತದೆ. ಬಿಗಿಯಾದ ವಾಲ್ವ್ ಸ್ಪ್ರಿಂಗುಗಳನ್ನು ಇಂಥ ಗಾಡಿಗಳಲ್ಲಿ ಹಾಕುವುದಕ್ಕೆ ಇದೂ ಒಂದು ಕಾರಣ.

ಇಂಧನದ ಕಡೆಗೆ ಬರೋಣ. 2003ರಿಂದ ಈ ಇಂಜಿನ್ನಿಗೆ ಬಂದದ್ದು ಬಾಷ್ ಕಂಪನಿಯ ಕಾಮನ್ ರೈಲ್ ವ್ಯವಸ್ಥೆ. ಸಿಪಿ3 ಎಂಬ ಪಂಪು 1600 ಬಾರ್‌ವರೆಗಿನ ಒತ್ತಡದಲ್ಲಿ ಡೀಸೆಲ್ಲನ್ನು ರೈಲಿಗೆ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹಂಚುವ ಒಂದೇ ಕೊಳವೆಗೆ, ತುಂಬುತ್ತದೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು, ನಾಝಲ್ಲುಗಳ ಮೇಲೆ ಕೈಪಳಗಿಸಿದ ನಮ್ಮ ಹಿರಿಯ ಮೆಕ್ಯಾನಿಕ್ಕುಗಳು ಹಳೆಯ ಇನ್‌ಲೈನ್ ಪಂಪಿನ ಕಾಲದಲ್ಲಿ ಸ್ಕ್ರೂ ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ: ಇಂಜೆಕ್ಟರ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು, ರೈಲಿನಲ್ಲಿ ಎಷ್ಟು ಒತ್ತಡವಿರಬೇಕು. ಕಾರ್ಖಾನೆಯ ನಾಝಲ್ಲಿನ ಸಣ್ಣ ರಂಧ್ರಗಳಿಂದಲೇ 0.2 ಗ್ರಾಂ ಡೀಸೆಲ್ ಹೊರಡಬೇಕಾದರೆ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರಬೇಕು. 2900 ಆರ್‌ಪಿಎಂನಲ್ಲಿ 2 ಮಿಲಿಸೆಕೆಂಡ್ ಎಂದರೆ ಕ್ರ್ಯಾಂಕ್ 35 ಡಿಗ್ರಿ ತಿರುಗಿಬಿಡುತ್ತದೆ. ಪಿಸ್ಟನ್ ಆಗಲೇ ಕೆಳಗಿಳಿಯುತ್ತಿರುವಾಗ ಚಿಮ್ಮುವ ಡೀಸೆಲ್ ಪಾತ್ರೆ ಇಳಿಸಿದ ಮೇಲೆ ಒಲೆಗೆ ಸೌದೆ ಒಡ್ಡಿದ ಹಾಗೆ: ಕೆಲಸಕ್ಕೆ ಬಾರದೆ ಎಕ್ಸಾಸ್ಟಿನ ಬಿಸಿಯನ್ನಷ್ಟೇ ಏರಿಸುತ್ತದೆ. ಆದ್ದರಿಂದ ತುಸು ದೊಡ್ಡ ರಂಧ್ರಗಳ ನಾಝಲ್ ಹಾಕಿ ಅದೇ ಡೀಸೆಲ್ಲನ್ನು ಕಡಿಮೆ ಹೊತ್ತಿನಲ್ಲಿ ಮುಗಿಸುವುದು ಬಾಳಿಕೆಯ ದೃಷ್ಟಿಯಿಂದ ಸರಿಯಾದ ಕ್ರಮ. ಅತಿ ದೊಡ್ಡ ರಂಧ್ರವೂ ಬೇಡ. ಹನಿಗಳು ದಪ್ಪವಾಗಿ, ನಿಂತ ಗಾಡಿಯೂ ಹೊಗೆಯುಗುಳಿ, ಮೈಲೇಜ್ ಕುಸಿಯುತ್ತದೆ.

ಇಂಜೆಕ್ಟರಿನ ಒಳಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ಡೀಸೆಲ್ಲಿನಲ್ಲಿ ಬಂದ ಕಣ್ಣಿಗೆ ಕಾಣದ ಧೂಳು, ಒಂದಿಷ್ಟು ನೀರು, ಇವೆರಡೇ ಅದನ್ನು ಸವೆಸಲು ಸಾಕು. ಒಂದು ಇಂಜೆಕ್ಟರ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಆ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಹೋಗಿ, ಪಿಸ್ಟನ್ ತಲೆಯಲ್ಲಿ ತೂತು ಬೀಳುವವರೆಗೂ ಹೋಗಬಹುದು. ಹೀಗಾಗಿ ಟ್ಯಾಂಕಿನಿಂದ ಸಿಪಿ3ಗೆ ಡೀಸೆಲ್ ತಲುಪಿಸುವ ಲಿಫ್ಟ್ ಪಂಪನ್ನು ಬದಲಿಸಿ, ನೀರು ಬೇರ್ಪಡಿಸುವ ಸೆಪರೇಟರ್ ಮತ್ತು ಇನ್ನಷ್ಟು ಸೂಕ್ಷ್ಮವಾದ ಫಿಲ್ಟರ್ ಇರುವ ವ್ಯವಸ್ಥೆಯನ್ನು ಛಾಸಿಗೆ ಜೋಡಿಸುವುದನ್ನು ನಾನು ಶಕ್ತಿ ಏರಿಸುವ ಕೆಲಸಕ್ಕೂ ಮುಂಚೆ ಇಡುತ್ತೇನೆ. ಹಳೆಯ ಇಂಜೆಕ್ಟರುಗಳಿದ್ದರೆ ರಿಟರ್ನ್ ಲೈನಿನಲ್ಲಿ ಎಷ್ಟು ಡೀಸೆಲ್ ವಾಪಸು ಸೋರುತ್ತಿದೆ ಎಂದು ಅಳೆದು ನೋಡಬೇಕು. ಪೂರ್ತಿ ಪೆಡಲಿನಲ್ಲಿ ರೈಲಿನ ಒತ್ತಡ ಕಂಪ್ಯೂಟರ್ ಕೇಳಿದ್ದಕ್ಕಿಂತ ಕೆಳಗಿಳಿಯುತ್ತಿದ್ದರೆ ಪಂಪು ಸಾಲುತ್ತಿಲ್ಲ ಅಥವಾ ಎಲ್ಲೋ ಸೋರುತ್ತಿದೆ; ಆ ಸ್ಥಿತಿಯಲ್ಲಿ ಹೆಚ್ಚು ಸ್ಟ್ರೋಕಿನ ಸಿಪಿ3 ಹಾಕಬೇಕೇ ಹೊರತು ಕಂಪ್ಯೂಟರಿನಲ್ಲಿ ಸಂಖ್ಯೆ ಏರಿಸಿ ಪ್ರಯೋಜನವಿಲ್ಲ.

ಮೊದಲು ಮುರಿಯುವುದು ಇಂಜಿನ್ ಅಲ್ಲ

ಶಕ್ತಿಯ ಬಗ್ಗೆ ಮಾತಾಡುವವರೆಲ್ಲ ಟರ್ಬೊ, ಇಂಜೆಕ್ಟರುಗಳ ಬಗ್ಗೆ ಮಾತಾಡುತ್ತಾರೆ. ದುಡ್ಡು ಹೆಚ್ಚು ಹೋಗುವುದು ಟ್ರಾನ್ಸ್‌ಮಿಷನ್ನಿಗೆ, ಅಂದರೆ ಗೇರ್‌ಬಾಕ್ಸಿಗೆ. 2006ರ ಈ ಗಾಡಿಯಲ್ಲಿ ಆಟೊಮ್ಯಾಟಿಕ್ ಆದರೆ ನಾಲ್ಕು ಗೇರುಗಳ 48ಆರ್‌ಇ, ಮ್ಯಾನ್ಯುಯಲ್ ಆದರೆ ಆರು ಗೇರುಗಳ ಜಿ56. ಯಾವುದನ್ನೂ 600 ಅಶ್ವಶಕ್ತಿಗೆಂದು ಮಾಡಿದ್ದಲ್ಲ.

ಇಲ್ಲಿ ಟಾರ್ಕ್ ಮತ್ತು ಶಕ್ತಿಯ ವ್ಯತ್ಯಾಸ ಸ್ಪಷ್ಟವಾಗಬೇಕು. 2900 ಆರ್‌ಪಿಎಂನಲ್ಲಿ 600 ಅಶ್ವಶಕ್ತಿ ಕೊಡಲು ಬೇಕಾದ ಟಾರ್ಕ್ ಸುಮಾರು 1470 ನ್ಯೂಟನ್ ಮೀಟರ್. ಅದೇ 1470ನ್ನು 1600 ಆರ್‌ಪಿಎಂನಲ್ಲಿ ಕೊಟ್ಟರೆ ಶಕ್ತಿ ಬರೀ 330. ಆದರೆ ಗೇರ್‌ಬಾಕ್ಸಿನ ಶಾಫ್ಟಿಗೆ, ಕ್ಲಚ್ಚಿಗೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ ಲೆಕ್ಕ ಟಾರ್ಕಿನದೇ. ಅದರಲ್ಲೂ ಕಡಿಮೆ ವೇಗದಲ್ಲಿ ಅಷ್ಟೊಂದು ಟಾರ್ಕ್ ಸುರಿದರೆ ಸಿಲಿಂಡರಿನ ಉತ್ತುಂಗ ಒತ್ತಡ ಹೆಚ್ಚು ಹೊತ್ತು ನಿಲ್ಲುತ್ತದೆ, ಆಯಿಲ್ ಪದರವೂ ತೆಳುವಾಗಿರುತ್ತದೆ. ಸಮರ್ಥ ಟ್ಯೂನರ್ (ಇಂಜಿನ್ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸುವವನು) 2000 ಆರ್‌ಪಿಎಂಗಿಂತ ಕೆಳಗೆ ಇಂಧನವನ್ನು ಬೇಕೆಂದೇ ತಡೆಹಿಡಿದು, ಶಕ್ತಿಯನ್ನು ಮೇಲಿನ ವೇಗದಲ್ಲಿ ಬಿಡುತ್ತಾನೆ. ಪೆಡಲ್ ಮುಟ್ಟಿದೊಡನೆ ಬೆನ್ನು ಸೀಟಿಗೆ ಅಂಟಬೇಕು ಎನ್ನುವ ಗಿರಾಕಿಗೆ ಇದು ರುಚಿಸದೇ ಹೋಗಬಹುದು. ಅವನ ರಾಡುಗಳಿಗೆ ಮಾತ್ರ ಇದು ಹಿತ.

48ಆರ್‌ಇಯ ದುರ್ಬಲ ಜಾಗ, ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್. ಹೆದ್ದಾರಿಯ ವೇಗದಲ್ಲಿ ಈ ಕ್ಲಚ್ ಕನ್ವರ್ಟರಿನ ಎರಡು ಭಾಗಗಳನ್ನು ಒಂದಾಗಿ ಹಿಡಿದು, ಆಯಿಲ್ ಮೂಲಕ ಜಾರುವಿಕೆ ಆಗದಂತೆ ನೋಡಿಕೊಳ್ಳುತ್ತದೆ. ಕಾರ್ಖಾನೆಯದರಲ್ಲಿ ಒಂದೇ ಪ್ಲೇಟ್. ಟಾರ್ಕ್ ಅದರ ಹಿಡಿತವನ್ನು ಮೀರಿದಾಗ ಕ್ಲಚ್ ಜಾರತೊಡಗುತ್ತದೆ, ಜಾರಿದ್ದೆಲ್ಲ ಬಿಸಿಯಾಗುತ್ತದೆ, ಸವೆದ ಪುಡಿ ಆಯಿಲ್ ಜೊತೆ ಇಡೀ ಗೇರ್‌ಬಾಕ್ಸಿಗೆ ಹರಡುತ್ತದೆ. ಆದ್ದರಿಂದ ಮೂರು ಪ್ಲೇಟಿನ ಕನ್ವರ್ಟರ್, ಒಳಗಿನ ಆಯಿಲ್ ಒತ್ತಡ ಹೆಚ್ಚಿಸುವ ಬದಲಾದ ವಾಲ್ವ್ ಬಾಡಿ, ಗಟ್ಟಿ ಉಕ್ಕಿನಿಂದ ಕಡೆದ ಇನ್‌ಪುಟ್ ಶಾಫ್ಟ್, ಹೆಚ್ಚು ಕ್ಲಚ್ ಪ್ಲೇಟುಗಳು, ದೊಡ್ಡ ಕೂಲರ್ ಇವಿಷ್ಟೂ ಒಟ್ಟಾಗಿ ಬರಬೇಕು. ಕನ್ವರ್ಟರ್ ಒಂದನ್ನೇ ಬದಲಿಸಿದವನ ಗಾಡಿಯಲ್ಲಿ ತೊಂದರೆ ಮುಂದಿನ ದುರ್ಬಲ ಭಾಗಕ್ಕೆ ವರ್ಗವಾಗುತ್ತದೆ, ಅಷ್ಟೇ. ಮ್ಯಾನ್ಯುಯಲ್ ಗಾಡಿಯಲ್ಲಿ ಲೆಕ್ಕ ಸುಲಭ: ಎರಡು ಪ್ಲೇಟಿನ ಕ್ಲಚ್ ಮತ್ತು ಒಂದೇ ತುಂಡಿನ ಫ್ಲೈವೀಲ್. ಆದರೆ ಅಂಥ ಕ್ಲಚ್ಚಿನ ಪೆಡಲ್ ಬಿಗಿ, ಸದ್ದು ಹೆಚ್ಚು. ಊರೊಳಗಿನ ಟ್ರಾಫಿಕ್ಕಿನಲ್ಲಿ ದಿನವೂ ಸಿಕ್ಕಿಕೊಳ್ಳುವವರು ಇದನ್ನು ಮೊದಲೇ ಯೋಚಿಸಬೇಕು.

ಇಂಜಿನ್ನಿನೊಳಗೆ ಹೆಡ್ ಬೋಲ್ಟುಗಳ ಸರದಿ ಮೊದಲು ಬರುತ್ತದೆ. 102 ಮಿಲಿಮೀಟರ್ ಬೋರಿನ ಮೇಲೆ 150 ಬಾರ್ ಒತ್ತಡ ಬಿದ್ದರೆ ಹೆಡ್ಡನ್ನು ಮೇಲಕ್ಕೆತ್ತುವ ಬಲ ಒಂದೊಂದು ಸಿಲಿಂಡರಿಗೂ ಹನ್ನೆರಡೂವರೆ ಟನ್. 200 ಬಾರ್ ಆದರೆ ಹದಿನೇಳು ಟನ್ನಿಗೆ ಹತ್ತಿರ. ಬೂಸ್ಟ್ 3 ಬಾರ್ ದಾಟಿದ ಮೇಲೆ ಕಾರ್ಖಾನೆಯ 12 ಮಿಲಿಮೀಟರ್ ಬೋಲ್ಟುಗಳು ಹಿಗ್ಗಿ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೋರುವ ಸಂಭವ ಹೆಚ್ಚುತ್ತದೆ. ಅದೇ ಅಳತೆಯ, ಹೆಚ್ಚು ಬಲದ ಉಕ್ಕಿನ ಸ್ಟಡ್‌ಗಳನ್ನು (ಬ್ಲಾಕಿಗೆ ತಿರುಗಿಸಿ ಕೂರಿಸಿ ಮೇಲಿಂದ ನಟ್ ಬಿಗಿಯುವ ಕಡ್ಡಿಗಳು) ಹಾಕಿ ಹೆಚ್ಚು ಟಾರ್ಕಿಗೆ ಬಿಗಿಯುವುದು ಇದಕ್ಕೆ ಪರಿಹಾರ. ಗ್ಯಾಸ್ಕೆಟ್ ಚೆನ್ನಾಗಿದ್ದರೆ ಹೆಡ್ ಬಿಚ್ಚದೆಯೇ ಒಂದೊಂದು ಬೋಲ್ಟನ್ನು ತೆಗೆದು ಒಂದೊಂದು ಸ್ಟಡ್ ಹಾಕುವ ರೂಢಿ ಇದೆ. ಇಂಜಿನ್ ಕೆಲವು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೆ ಬಿಗಿಯಬೇಕು. ಗ್ಯಾಸ್ಕೆಟ್ ಸೋರಿದ ಮೇಲೆ ಸ್ಟಡ್ ಹಾಕಿದರೆ ಆಗ ಹೆಡ್ ಇಳಿಸಿ ಸಮತಟ್ಟು ಮಾಡಿಸುವ ಕೆಲಸವೂ ಸೇರಿ ಖರ್ಚು ಹಲವು ಪಟ್ಟಾಗುತ್ತದೆ. ಕಾರ್ಖಾನೆಯ ಕ್ರ್ಯಾಂಕು ಮತ್ತು ರಾಡುಗಳನ್ನು ಈ ಮಟ್ಟದಲ್ಲಿ ಮುಟ್ಟಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಪಿಸ್ಟನ್ನಿನ ಬಗ್ಗೆ ಮಾತ್ರ ಎಚ್ಚರ ಬೇಕು: 2004ರ ಮಧ್ಯದಿಂದ ಬಂದ ಪಿಸ್ಟನ್ನುಗಳ ದಹನ ಬಟ್ಟಲಿನ ಅಂಚು ಒಳಕ್ಕೆ ಬಾಗಿದ್ದು, ಅತಿಯಾದ ತಾಪ ಮತ್ತು ಒತ್ತಡಕ್ಕೆ ಆ ಅಂಚಿನಲ್ಲಿ ಬಿರುಕು ಬಿಡುವ ಸ್ವಭಾವ ಅವಕ್ಕಿದೆ.

ಬಿಸಿಯನ್ನು ಓದುವುದು

ಇಲ್ಲಿಗೆ ಮತ್ತೆ ಆ ಏಳೆಂಟು ನಿಮಿಷದ ಏರು. ಪಿಸ್ಟನ್ ಮಾಡಿರುವ ಅಲ್ಯುಮಿನಿಯಂ ಮಿಶ್ರಲೋಹ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗತೊಡಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಹರಿಯುವ ಗಾಳಿಯ ತಾಪ ಅದನ್ನು ಆರಾಮವಾಗಿ ಮೀರುತ್ತದೆ. ಆದರೂ ಪಿಸ್ಟನ್ ಉಳಿಯುವುದಕ್ಕೆ ಕಾರಣ, ಅತಿ ಬಿಸಿಯ ಗಾಳಿ ಅದಕ್ಕೆ ತಾಗುವುದು ಪ್ರತಿ ಸುತ್ತಿನ ಸ್ವಲ್ಪ ಹೊತ್ತು ಮಾತ್ರ, ಮತ್ತು ಕೆಳಗಿನಿಂದ ಸಣ್ಣ ನಳಿಕೆಗಳು ಅದರ ತಳಕ್ಕೆ ಸತತವಾಗಿ ಆಯಿಲ್ ಚಿಮ್ಮಿಸಿ ತಣಿಸುತ್ತಿರುತ್ತವೆ. ಈ ತಣಿಸುವ ವೇಗಕ್ಕೂ ಕಾಯಿಸುವ ವೇಗಕ್ಕೂ ನಡುವಿನ ತೂಗು ತಪ್ಪಿದರೆ ಪಿಸ್ಟನ್ನಿನ ಅಂಚು ಮೆತ್ತಗಾಗುತ್ತದೆ, ಆಮೇಲೆ ಸಿಲಿಂಡರಿಗೆ ಉಜ್ಜುತ್ತದೆ.

ಟರ್ಬೊಗೆ ಮುಂಚೆ, ಮ್ಯಾನಿಫೋಲ್ಡಿನಲ್ಲೇ ತಾಪಮಾಪಕ ಕೂರಿಸಿ ಕಣ್ಣೆದುರಿಗೆ ಗೇಜ್ ಇಟ್ಟುಕೊಳ್ಳುವುದು ಇದಕ್ಕಾಗಿ. ಬಹುಕಾಲದ ಅನುಭವದಿಂದ ರೂಢಿಗೆ ಬಂದ ಮಿತಿ ಹೀಗಿದೆ: ದೀರ್ಘ ಏರಿನಲ್ಲಿ 1250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 680 ಸೆಲ್ಸಿಯಸ್ ದಾಟಬಾರದು, ಕೆಲವು ಸೆಕೆಂಡುಗಳ ವೇಗಕ್ಕೆ 1500 ಫ್ಯಾರನ್‌ಹೀಟ್, ಅಂದರೆ 815ರವರೆಗೆ ಸಹಿಸಬಹುದು. ಟರ್ಬೊ ದಾಟಿದ ಮೇಲೆ ಗೇಜ್ ಕೂರಿಸಿದರೆ ಭಾರ ಎಳೆಯುವಾಗ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸಿ ಸುಳ್ಳು ಧೈರ್ಯ ಕೊಡುತ್ತದೆ. ಏರಿನಲ್ಲಿ ಮುಳ್ಳು ಮಿತಿಯತ್ತ ಹೋದಾಗ ಮಾಡಬೇಕಾದ ಕೆಲಸ ಒಂದು ಗೇರ್ ಇಳಿಸುವುದು: ಅದೇ ಶಕ್ತಿಗೆ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಪ್ರತಿ ಸಲ ಚಿಮ್ಮುವ ಡೀಸೆಲ್ ಕಡಿಮೆಯಾಗುತ್ತದೆ, ತಾಪ ಇಳಿಯುತ್ತದೆ. ಅಷ್ಟಕ್ಕೂ ಇಳಿಯದಿದ್ದರೆ ಕಾಲು ಎತ್ತಬೇಕು. ಟ್ರೇಲರ್ ಎಳೆಯಲೆಂದೇ ಸುಮಾರು 400 ಅಶ್ವಶಕ್ತಿಗೆ ಮಿತಿಗೊಳಿಸಿದ ಬೇರೊಂದು ಟ್ಯೂನ್ ಇಟ್ಟುಕೊಂಡು, ಸ್ವಿಚ್ ತಿರುಗಿಸಿ ಅದಕ್ಕೆ ಬದಲಾಯಿಸುವ ಅನುಕೂಲ ಈಗ ಇದೆ. ಪೂರ್ತಿ ಶಕ್ತಿಯ ಟ್ಯೂನಿನಲ್ಲೇ ಭಾರ ಎಳೆಯುತ್ತೇನೆನ್ನುವುದು ನನ್ನ ಮಟ್ಟಿಗೆ ಹಟವೇ ಹೊರತು ಅಗತ್ಯವಲ್ಲ. ಎಕ್ಸಾಸ್ಟಿನ ಜೊತೆಗೆ ಗೇರ್‌ಬಾಕ್ಸ್ ಆಯಿಲಿನ ತಾಪ, ಲಿಫ್ಟ್ ಪಂಪಿನ ಒತ್ತಡ, ಬೂಸ್ಟ್ ಈ ಮೂರಕ್ಕೂ ಗೇಜ್ ಇರಬೇಕು. ಡ್ಯಾಶ್‌ಬೋರ್ಡಿನ ಕಾರ್ಖಾನೆ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಕಾನೂನಿನ ವಿಚಾರವನ್ನು ಬದಿಗೆ ಸರಿಸುವಂತಿಲ್ಲ. 2007ರ ಮಧ್ಯದಲ್ಲಿ ಬಂದ 6.7 ಲೀಟರ್ ಇಂಜಿನ್ನಿನಿಂದ ಈ ಗಾಡಿಗಳಿಗೆ ಹೊಗೆಯ ಮಸಿಯನ್ನು ಹಿಡಿಯುವ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಬಂತು, ಮತ್ತು ಅದನ್ನು ಕಿತ್ತುಹಾಕಿ ಶಕ್ತಿ ಏರಿಸುವ ಕೆಟ್ಟ ಚಾಳಿಯೂ ಜೊತೆಗೇ ಬಂತು. ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ತೆಗೆದುಹಾಕಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಹಾಗೆ ತೆಗೆಯುವುದು, ತೆಗೆಯಲು ಸಲಕರಣೆ ಮಾರುವುದು ಎರಡೂ ಅಲ್ಲಿನ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕಾನೂನುಬಾಹಿರ. ತಯಾರಕರಿಗೂ ವಿನಾಯಿತಿ ಸಿಗಲಿಲ್ಲ: ರ್‍ಯಾಮ್ ಪಿಕಪ್‌ಗಳ ಇಂಜಿನ್ನುಗಳಲ್ಲಿ ನಿಯಮ ತಪ್ಪಿಸುವ ಸಾಫ್ಟ್‌ವೇರ್ ಇಟ್ಟ ಆರೋಪದ ಇತ್ಯರ್ಥಕ್ಕಾಗಿ ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡ ತೆರಲು 2023ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. 2006ರ 5.9ರಲ್ಲಿ ಆ ಫಿಲ್ಟರ್ ಇಲ್ಲದಿದ್ದರೂ ಕಾರ್ಖಾನೆಯಿಂದ ಬಂದ ಹೊಗೆ ನಿಯಂತ್ರಣಕ್ಕೆ ಅದೇ ಕಾನೂನು ಅನ್ವಯಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಬಿಡಿಭಾಗಕ್ಕೆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಸಂಖ್ಯೆ ಇರಬೇಕು. ಕಪ್ಪು ಹೊಗೆ ಶಕ್ತಿಯ ಗುರುತೆಂದು ಭಾವಿಸುವವರಿಗೆ ಮೇಲಿನ ಲೆಕ್ಕವೇ ಉತ್ತರ: ಅದು ಗಾಳಿ ಸಾಲದೆ ಅರ್ಧ ಉರಿದ, ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್. ಇಂಥದ್ದನ್ನು ಭಾರತದಲ್ಲಿ ಮಾಡಹೊರಟವರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ವಿವರಗಳಿಂದ ನೋಂದಣಿ ಪತ್ರದ ವಿವರ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಅದು ಬಿಡುವುದಿಲ್ಲ.

ಇಷ್ಟೆಲ್ಲ ಹಾಕಿದ ಮೇಲೂ ಗಾಡಿ ಎಳೆಯಬಹುದಾದ ಅಧಿಕೃತ ಭಾರ ಒಂದು ಕೆ.ಜಿ.ಯೂ ಹೆಚ್ಚುವುದಿಲ್ಲ. ಬ್ರೇಕು, ಆಕ್ಸಲ್, ಟೈರು, ಛಾಸಿಗಳೆಲ್ಲ ಅವೇ. ಏರಿನಲ್ಲಿ ಉಳಿಸಿದ ನಿಮಿಷಗಳು ಇಳಿಜಾರಿನಲ್ಲಿ ಬ್ರೇಕಿಗೆ ಬಿಸಿಯಾಗಿ ಬರುವುದರಿಂದ, ಭಾರ ಎಳೆಯುವವರು ಎಕ್ಸಾಸ್ಟ್ ಬ್ರೇಕನ್ನು (ಹೊಗೆಯ ದಾರಿಯನ್ನು ತಡೆದು ಇಂಜಿನ್ನಿನಿಂದಲೇ ಗಾಡಿಯ ವೇಗ ತಗ್ಗಿಸುವ ಸಾಧನ) ಪಟ್ಟಿಗೆ ಸೇರಿಸಿಕೊಳ್ಳಬೇಕು.

ಆಮೇಲಿನದು ದಿನಚರಿ. ಈ ಇಂಜಿನ್ ಹನ್ನೊಂದು ಲೀಟರಿಗೂ ಹೆಚ್ಚು ಆಯಿಲ್ ಹಿಡಿಯುತ್ತದೆ. ಕಾರ್ಖಾನೆ ಹೇಳಿದ ಅಂತರಕ್ಕಿಂತ ಬೇಗ ಬದಲಿಸಿ, ಪ್ರತಿ ಸಲ ಒಂದಿಷ್ಟನ್ನು ಪ್ರಯೋಗಾಲಯಕ್ಕೆ ಕಳಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ವರದಿಯಲ್ಲಿ ಡೀಸೆಲ್ ಅಂಶ ಕಂಡರೆ ಇಂಜೆಕ್ಟರ್ ಸೋರುತ್ತಿದೆ, ಸಿಲಿಕಾನ್ ಏರಿದರೆ ಏರ್ ಫಿಲ್ಟರ್ ದಾಟಿ ಧೂಳು ಒಳಬರುತ್ತಿದೆ, ಅಲ್ಯುಮಿನಿಯಂ ಏರಿದರೆ ಪಿಸ್ಟನ್ ಸವೆಯುತ್ತಿರಬಹುದು. ವಾಲ್ವ್ ಅಂತರವನ್ನು, ಇನ್‌ಟೇಕಿಗೆ 0.25 ಮತ್ತು ಎಕ್ಸಾಸ್ಟಿಗೆ 0.51 ಮಿಲಿಮೀಟರಿನಂತೆ, ತಣ್ಣಗಿನ ಇಂಜಿನ್ನಿನಲ್ಲಿ ಪರೀಕ್ಷಿಸಬೇಕು. ಏರು ಹತ್ತಿ ಬಂದ ಕೂಡಲೇ ಇಂಜಿನ್ ಆರಿಸದೆ, ಎಕ್ಸಾಸ್ಟ್ ತಾಪ 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವವರೆಗೆ ಐಡಲಿನಲ್ಲಿ ಬಿಡಬೇಕು; ಇಲ್ಲವಾದರೆ ಟರ್ಬೊದ ಬೇರಿಂಗಿನಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು ಕರಿಗಟ್ಟುತ್ತದೆ.